ಹರ್ಮನ್ ಮೋಗ್ಲಿಂಗರ ಜೀವಿತವೂ ಅನ್ಯಮತಬೋಧನೆಯೂ

ಪೀಠಿಕೆ

ಶ್ರಾವಣಮಾಸವು ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಊರೂರಿನ ಮಠಗಳೊಳಗೆ ಪುರಾಣಪ್ರವಚನವು ಆರಂಭವಾಗುವುದು. ಭಕ್ತರು ಹೊಲಮನೆಗಳ ಕೆಲಸವನ್ನು ತೀರಿಸಿಕೊಂಡು, ವಿಭೂತಿಯನ್ನು ಧರಿಸಿ, ಮಕ್ಕಳು ಮರಿಗಳೊಡನೆ ಬಂದು ಕುಳಿತುಕೊಳ್ಳುವರು. ಪುರಾಣಿಕರು ಬಸವಪುರಾಣದ ಷಟ್ಪದಿಗಳನ್ನು ರಾಗವಾಗಿ ಓದಿ ಅರ್ಥವನ್ನು ವಿವರಿಸುವರು. 1369ರಲ್ಲಿ ಭೀಮಕವಿಯು ರಚಿಸಿದ ಈ ಗ್ರಂಥವು ಸುಮಾರು ಐದು ಶತಮಾನಗಳ ಕಾಲ ಓಲೆಗರಿಗಳಲ್ಲಿಯೂ ಕೈಬರಹದ ಹೊತ್ತಗೆಗಳಲ್ಲಿಯೂ ಉಳಿದುಕೊಂಡು ಬಂದಿತು. ಆಮೇಲೆ ಅದು ಅಚ್ಚಿನ ರೂಪವನ್ನು ತಾಳಿತು. ಅದನ್ನು ಅಚ್ಚುಹಾಕಿಸಿದವರಲ್ಲಿ ಮೊದಲಿಗರು ಲಿಂಗವಂತರಾಗಿರಲಿಲ್ಲ. ಸಮುದ್ರದಾಚೆಯಿಂದ ಕ್ರೈಸ್ತಮತವನ್ನು ಬೋಧಿಸಲಿಕ್ಕೆಂದು ಬಂದ ಒಬ್ಬ ಪಾದ್ರಿಯವರು. ಅವರೇ ಹರ್ಮನ್ ಮೋಗ್ಲಿಂಗ್ ಪಂಡಿತರು.

ಶ್ರೀಮಠದ ಮಹೋತ್ಸವದ ಸಂಪುಟದಲ್ಲಿ ಶರಣರ ಚರಿತ್ರೆಗಳೂ ಗುರುಪರಂಪರೆಯ ಇತಿಹಾಸವೂ ಬರುವುದು ಸಹಜವಷ್ಟೆ. ಇವುಗಳ ನಡುವೆ ಪಾದ್ರಿಯೊಬ್ಬರ ಜೀವಿತಕ್ಕೆ ಎಡೆಯೇಕೆಂದು ಕೆಲವು ಭಕ್ತರು ಕೇಳಬಹುದು. ಉತ್ತರವು ಇಷ್ಟೇ. ಮಠಗಳು ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಯಿಸುತ್ತಿರುವ ಈ ಕಾಲದಲ್ಲಿ, ಒಂದು ಮತದವರ ಶಾಲೆಯಲ್ಲಿ ಬೇರೊಂದು ಮತದ ವಿಷಯವನ್ನು ಹೇಗೆ ಕಲಿಸಬೇಕೆಂಬುದು ನಮ್ಮ ಮುಂದಿರುವ ದೊಡ್ಡ ಪ್ರಶ್ನೆಯಾಗಿದೆ. ಈ ಪ್ರಶ್ನೆಯನ್ನು ಕನ್ನಡನಾಡಿನಲ್ಲಿ ತಮ್ಮ ಬಾಳಿನಲ್ಲಿಯೇ ಎದುರಿಸಿದವರು ಮೋಗ್ಲಿಂಗರು. ಅವರು ಗೆದ್ದುದರಿಂದಲೂ ಎಡವಿದುದರಿಂದಲೂ ನಾವು ಕಲಿಯತಕ್ಕದ್ದು ಬಹಳವಾಗಿದೆ.

ಜನನ ಮತ್ತು ಆಗಮನ

ಮೋಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ನೆಯ ಮೇ 29ರಂದು ಜನಿಸಿದರು. ತ್ಯೂಬಿಂಗೆನ್ ನಗರದ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮಶಾಸ್ತ್ರವನ್ನು ಅಭ್ಯಸಿಸಿದರು. ಓದಿದ ವಿದ್ಯೆಯಿಂದ ಸ್ವದೇಶದಲ್ಲಿಯೇ ಸುಖವಾದ ಪೌರೋಹಿತ್ಯವು ದೊರೆಯಬಹುದಾಗಿದ್ದರೂ ಅದನ್ನು ಬಯಸದೆ ಬಾಸೆಲ್ ಮಿಶನ್ನಿನ ಸೇವೆಯನ್ನು ಸ್ವೀಕರಿಸಿದರು. ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಭಾರತದ ಬಾಗಿಲು ತೆರೆದುದು ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದಿನ ತರುವಾಯವೇ. ಮರುವರ್ಷವೇ ಆ ಮಿಶನ್ನಿನ ಮೊದಲ ಮೂವರು ಬೋಧಕರು ಮಂಗಳೂರನ್ನು ಸೇರಿದರು. ಮೋಗ್ಲಿಂಗರು 1836ರಲ್ಲಿ ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಂದರು.

ಮಿಶನ್ನಿನ ಕಾರ್ಯವು ಕರಾವಳಿಯಲ್ಲಿಯೇ ನಿಲ್ಲದೆ ಘಟ್ಟದ ಮೇಲಕ್ಕೂ ಹಬ್ಬಿತು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಅವರ ಠಾಣ್ಯಗಳು ಏರ್ಪಟ್ಟವು. ಕಿತ್ತೂರಿನಿಂದ ಧಾರವಾಡವು ಒಂದು ದಿನದ ಕಾಲುನಡಿಗೆಯ ದೂರದಲ್ಲಿದೆ. 1824ರ ಕಾಳಗದಲ್ಲಿ ಥ್ಯಾಕರೆಯು ಮಡಿದು, ಕೋಟೆಯು ಬಿದ್ದು, ಚೆನ್ನಮ್ಮ ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟು ಆಗ ಹತ್ತು ವರುಷಗಳಷ್ಟೇ ಆಗಿದ್ದುವು. ಅಂಥ ಕಾಲದಲ್ಲಿ ಬಿಳಿಯರು ಮತಬೋಧನೆಗೆ ಬಂದಾಗ ಈ ಸೀಮೆಯ ಜನರ ಮನಸ್ಸಿನಲ್ಲಿ ಸಂಶಯವಿದ್ದಿತೆಂದರೆ ಆಶ್ಚರ್ಯವಿಲ್ಲ.

ಆದರೆ ಒಂದು ವಿಚಿತ್ರವೂ ನಡೆಯಿತು. ಧಾರವಾಡ ಹುಬ್ಬಳ್ಳಿಗಳ ಸುತ್ತಿನಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಕೆಲವು ಜನರಿದ್ದರು. ಪಡುವಣದಿಂದ ಬರುವವರ ವಿಷಯವನ್ನು ಹಿಂದಿನವರು ಮೊದಲೇ ಹೇಳಿರುವರೆಂದು ಭಾವಿಸಿ ಅವರು ಪಾದ್ರಿಗಳ ಬಳಿಗೆ ತಾವಾಗಿಯೇ ಬಂದರು. ಪಾದ್ರಿಗಳು ಹಿಗ್ಗಿದರು. ಇವರಿಗಾಗಿಯೇ 1841ರಲ್ಲಿ ಗದಗ ಬೆಟಗೇರಿಗಳ ಹತ್ತಿರದ ಮಲಸಮುದ್ರದಲ್ಲಿ ಒಂದು ವಸತಿಯನ್ನು ಸ್ಥಾಪಿಸಿದರು. ಆದರೆ ಬಂದವರ ಮನಸ್ಸಿನಲ್ಲಿದ್ದ ಅರ್ಥವೇ ಬೇರೆ, ಕರೆದವರು ತಿಳಿದ ಅರ್ಥವೇ ಬೇರೆ. ಕೆಲವೇ ವರುಷಗಳಲ್ಲಿ ಆ ಆಸೆಯು ಬಾಡಿತು. ಒಂದು ಜನದ ನಂಬಿಕೆಯನ್ನು ಅವರದೇ ಗ್ರಂಥ, ಅವರದೇ ಮಾತುಗಳಿಂದ ಅರಿಯದೆ ಹೋದರೆ ಸ್ನೇಹವೂ ತಪ್ಪುದಾರಿಗೆ ಬೀಳುವುದೆಂಬುದಕ್ಕೆ ಇದು ನಿದರ್ಶನವು.

ಶಾಲೆಯೂ ಕ್ಷೋಭೆಯೂ

ಮೋಗ್ಲಿಂಗರ ಮುಖ್ಯವಾದ ಕಾರ್ಯಕ್ಷೇತ್ರವು ಮಂಗಳೂರು. ಅಲ್ಲಿ 1838ರಲ್ಲಿ ಮಿಶನ್ನಿನವರು ಇಂಗ್ಲಿಷ್ ಶಾಲೆಯೊಂದನ್ನು ತೆರೆದಿದ್ದರು. ಹೊಸ ರಾಜ್ಯದಲ್ಲಿ ಇಂಗ್ಲಿಷ್ ಬಲ್ಲವರಿಗೆ ಉದ್ಯೋಗವು ದೊರೆಯುತ್ತಿದ್ದುದರಿಂದ ಬ್ರಾಹ್ಮಣರೂ ಇತರರೂ ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಿದರು. ಗಣಿತ, ಭೂಗೋಳಗಳ ಜೊತೆಗೆ ಬೈಬಲ್ ಪಾಠವೂ ನಡೆಯುತ್ತಿತ್ತು. ತಾಯಿತಂದೆಗಳು ವಿದ್ಯೆಯೊಂದನ್ನೇ ಪಡೆದು ಮತವನ್ನು ಹೊರಗಿಡಬಹುದೆಂದು ಎಣಿಸಿದ್ದರು. ಶಾಲೆಯವರು ವಿದ್ಯೆಯ ಬಾಗಿಲಿನಿಂದಲೇ ಮತವು ಒಳಗೆ ಹೋಗುವುದೆಂದು ಎಣಿಸಿದ್ದರು. ಈ ಎರಡೆಣಿಕೆಗಳು ಬಹುಕಾಲ ಒಟ್ಟಿಗೆ ಬಾಳುವಂತಿರಲಿಲ್ಲ.

1844ನೆಯ ಜನವರಿ 6ರಂದು ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು ತನ್ನ ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನವನ್ನು ಪಡೆದನು. ಈತನು ಆ ಶಾಲೆಯಲ್ಲಿಯೇ ಓದಿದವನು. ಊರಿನಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಬಂಧುಗಳು ಗೋಳಾಡಿದರು, ಜನರು ಗುಂಪುಗೂಡಿದರು, ಅನೇಕ ತಾಯಿತಂದೆಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಆನಂದರಾಯರ ಮನೆಯ ಸಂಬಂಧವು ಹರಿಯಿತು. ಅವರು ಮುಂದೆ ಬಾಸೆಲ್ಲಿಗೆ ಹೋಗಿ ಅಭ್ಯಾಸಮಾಡಿ, 1851ರಲ್ಲಿ ಬೋಧಕರಾಗಿ ನಾಡಿಗೆ ಮರಳಿದರು. ತಾವು ಆರಿಸಿಕೊಂಡ ದಾರಿಯನ್ನು ಕಡೆಯವರೆಗೂ ಬಿಡಲಿಲ್ಲವಾದ್ದರಿಂದ ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸಬೇಕಾಗಿಲ್ಲ. ವಯಸ್ಸಿಗೆ ಬಂದವನು ವಿಚಾರಮಾಡಿ ತನ್ನ ಮತವನ್ನು ಆರಿಸಿಕೊಳ್ಳುವುದು ಅವನ ಹಕ್ಕು. ಶರಣಮಾರ್ಗಕ್ಕೆ ಬಂದವರೂ ಹಾಗೆಯೇ ಮನೆಮಠಗಳನ್ನು ಬಿಟ್ಟು ಬಂದವರಲ್ಲವೇ?

ಆದರೂ ಆ ತಾಯಿತಂದೆಗಳ ಸಂಕಟವನ್ನು ಅಲ್ಲಗಳೆಯಲಾಗದು. ಅವರ ಮಕ್ಕಳು ಆ ಶಾಲೆಯಲ್ಲಿ ತಮ್ಮ ಮನೆಯ ಮತವನ್ನು ಕುರಿತು ಕೇಳಿದುದು ಖಂಡನೆಯ ರೂಪದಲ್ಲಿ. ಆ ಮತವನ್ನು ನಂಬಿದವರ ಬಾಯಿಂದ ಅದರ ತಿರುಳನ್ನು ಕೇಳುವ ಅವಕಾಶವು ಪಾಠದ ಕೋಣೆಯಲ್ಲಿ ಇರಲಿಲ್ಲ. ಮೂರ್ತಿಪೂಜೆಯವರೆಂಬ ಒಂದೇ ಹೆಸರಿನೊಳಗೆ ವೈಷ್ಣವರು, ಶೈವರು, ಜೈನರು, ಲಿಂಗವಂತರು, ಭೂತಾರಾಧಕರು ಎಲ್ಲರೂ ಅಡಗಿಹೋಗುತ್ತಿದ್ದರು. ಸ್ಥಾವರವನ್ನು ಬಿಟ್ಟು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವನಿಗೂ ಕಲ್ಲುದೇವರಿಗೆ ಕೋಳಿಯನ್ನು ಕೊಯ್ಯುವವನಿಗೂ ಇರುವ ಅಂತರವು ಅಂಥ ಪಾಠದಲ್ಲಿ ತೋರುವುದು ಶಕ್ಯವಿರಲಿಲ್ಲ.

ಪತ್ರಿಕೆ ಮತ್ತು ಗ್ರಂಥಮುದ್ರಣ

ಈ ಕ್ಷೋಭೆಯ ಮುಂಚೆಯೇ ಮೋಗ್ಲಿಂಗರು ಕನ್ನಡದ ಕಡೆಗೆ ಗಾಢವಾಗಿ ತಿರುಗಿದ್ದರು. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಮುದ್ರಣಾಲಯವು ಆರಂಭವಾಯಿತು. ಅದು ಕಲ್ಲಚ್ಚಿನ ಕಾರ್ಯಾಲಯ. ಲಿಪಿಕಾರನು ಜಿಡ್ಡಿನ ಮಸಿಯಿಂದ ಬರೆದುದನ್ನು ನಯವಾದ ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ನೆನೆಯಿಸಿ, ಮಸಿಯ ಉರುಳೆಯನ್ನು ಹಾಯಿಸಿದರೆ ಬರೆದ ಭಾಗಕ್ಕೆ ಮಾತ್ರ ಮಸಿಯು ಅಂಟುವುದು. ಅದರ ಮೇಲೆ ಕಾಗದವನ್ನು ಒತ್ತಿದರೆ ಕೈಬರಹವೇ ಅಚ್ಚಾಗುವುದು. ಎರಕದ ಮೊಳೆಗಳಿಲ್ಲದಿದ್ದರೂ ಕನ್ನಡದ ಒತ್ತಕ್ಷರಗಳೆಲ್ಲ ಇದರಲ್ಲಿ ಸುಲಭವಾಗಿ ಮೂಡುತ್ತಿದ್ದುವು. 1843ನೆಯ ಜುಲೈ 1ರಂದು ಮೋಗ್ಲಿಂಗರು ಹೀಗೆಯೇ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ಈ ನಾಲ್ಕು ಪುಟಗಳ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಕಥೆಗಳು ಇರುತ್ತಿದ್ದುವು. ಕನ್ನಡದ ಮೊದಲ ಪತ್ರಿಕೆಯೆಂದು ಖ್ಯಾತವಾದ ಅದರ ನೆನಪಿಗಾಗಿ ಜುಲೈ 1ನ್ನು ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾದಿನವನ್ನಾಗಿ ಆಚರಿಸುವರು. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರನ್ನು ಪಡೆಯಿತು.

ಆದರೆ ನಮಗೆ ಮುಖ್ಯವಾದುದು ಅವರ ಇನ್ನೊಂದು ಕಾರ್ಯ. 1848ರಿಂದ 1853ರ ವರೆಗೆ ಅವರು ಕನ್ನಡದ ಕಾವ್ಯಗಳನ್ನು ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಅಚ್ಚುಹಾಕಿಸಿದರು. ಇದಕ್ಕೆ ಹಣವನ್ನು ಒದಗಿಸಿದವರು ಮದರಾಸು ಸೀಮೆಯಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕಸಮೇಜರ್ ಎಂಬ ಮಹನೀಯರು. ಲಕ್ಷ್ಮೀಶನ ಜೈಮಿನಿಭಾರತ, ತೊರವೆ ರಾಮಾಯಣ, ದಾಸರ ಪದಗಳು, ಭೀಮಕವಿಯ ಬಸವಪುರಾಣ, 1584ರಲ್ಲಿ ವಿರೂಪಾಕ್ಷಪಂಡಿತನು ರಚಿಸಿದ ಚೆನ್ನಬಸವಪುರಾಣ ಇವೆಲ್ಲ ಆ ಮಾಲೆಯ ಹೂಗಳು. ಓಲೆಯ ಪ್ರತಿಗಳನ್ನು ಒದಗಿಸಿಕೊಂಡು, ನಾಡಿನ ಪಂಡಿತರ ನೆರವಿನಿಂದ ಪಾಠವನ್ನು ಸಿದ್ಧಪಡಿಸಿ, ಪುಟಪುಟವನ್ನೂ ಬರೆಯಿಸಿ ಕಲ್ಲಿಗಿಳಿಸುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಗ್ರಂಥಸಂಪಾದನೆಯನ್ನು ಬಲ್ಲವರು ಬಲ್ಲರು.

ಇದನ್ನು ಮೋಗ್ಲಿಂಗರು ಏಕೆ ಮಾಡಿದರು? ಬಸವಣ್ಣನವರಲ್ಲಿ ಅವರಿಗೆ ಭಕ್ತಿಯುಂಟಾಗಿತ್ತೆಂದು ಹೇಳಿದರೆ ಅದು ಸುಳ್ಳಾದೀತು. ಕ್ರಿಸ್ತನ ಹೊರತು ಮೋಕ್ಷಮಾರ್ಗವಿಲ್ಲವೆಂಬ ಅವರ ನಂಬಿಕೆಯು ಎಂದೂ ಸಡಿಲಲಿಲ್ಲ. ಈ ನಾಡಿನ ಜನರ ಮನಸ್ಸನ್ನು ಅರಿಯದೆ ಅವರಿಗೆ ಬೋಧಿಸುವುದು ಆಗದೆಂಬ ವಿವೇಕವೂ ಕನ್ನಡ ನುಡಿಯ ಮೇಲಿನ ಪ್ರೀತಿಯೂ ಅವರನ್ನು ಈ ಕೆಲಸಕ್ಕೆ ಎಳೆದುವು. ಉದ್ದೇಶವು ಏನೇ ಇರಲಿ, ಫಲವು ಮಾತ್ರ ದೊಡ್ಡದು. ಲಿಂಗವಂತರ ಪುರಾಣವನ್ನು ಕುರಿತು ತಾವೊಂದು ಖಂಡನೆಯನ್ನು ಬರೆದು ಹಂಚುವುದಕ್ಕೆ ಬದಲಾಗಿ ಆ ಪುರಾಣವನ್ನೇ ಜನರ ಮುಂದಿಟ್ಟರು. ಓದುವವನು ಮೆಚ್ಚಲಿ, ಜರೆಯಲಿ, ತೀರ್ಪನ್ನು ಮೂಲವನ್ನು ನೋಡಿಯೇ ಕೊಡಬೇಕಾಯಿತು. ಶಾಲೆಯ ಕೋಣೆಯಲ್ಲಿ ಆಗದಿದ್ದ ನ್ಯಾಯವು ಹೀಗೆ ಮುದ್ರಣಾಲಯದಲ್ಲಿ ಆಯಿತು.

ಈ ದಾರಿಯಲ್ಲಿ ಅವರ ಮಿಶನ್ನಿನ ಇತರರೂ ನಡೆದರು. ವ್ಯೂರ್ತ್ ಪಾದ್ರಿಯವರು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಿರುಗಿಸಿ 1860ರ ದಶಕದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರದೇ ಪ್ರಾಕ್ಕಾವ್ಯಮಾಲಿಕೆಯೆಂಬ ಪದ್ಯಸಂಗ್ರಹವು 1868ರಲ್ಲಿ ಹೊರಬಂದಿತು. ಕಿಟೆಲ್ ಪಂಡಿತರು 1872ರಲ್ಲಿ ಜೈನನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ತಮ್ಮ ಮಹಾನಿಘಂಟನ್ನು ನಾಡಿಗೆ ಕೊಟ್ಟರು.

ಕೊಡಗಿನ ವಾಸವೂ ಅಂತ್ಯಕಾಲವೂ

ಕೊಡಗಿನ ಅಲ್ಮಂಡ ಸೋಮಯ್ಯನೆಂಬವನು 1853ರಲ್ಲಿ ಕ್ರೈಸ್ತನಾದ ನಂತರ ಮೋಗ್ಲಿಂಗರು ಅವನೊಡನೆ ಕೊಡಗಿಗೆ ತೆರಳಿದರು. ಅಲ್ಲಿಯೂ ಬೋಧನೆಯ ಜೊತೆಗೆ ಆ ಸೀಮೆಯ ಚರಿತ್ರೆಯನ್ನೂ ಜನರ ನಡೆನುಡಿಗಳನ್ನೂ ಶೋಧಿಸಿ 1855ರಲ್ಲಿ ಕೊಡಗನ್ನು ಕುರಿತ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದರು. ತಮ್ಮ ಗೆಳೆಯರಾಗಿದ್ದ ವೈಗ್ಲೆಯವರು ತೀರಿಕೊಂಡ ಬಳಿಕ ಅವರ ಪತ್ನಿ ಪೌಲೀನೆಯವರನ್ನು ಮದುವೆಯಾದರು. 1858ರಲ್ಲಿ ತ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರ ಕನ್ನಡಸೇವೆಯನ್ನು ಮನ್ನಿಸಿ ಡಾಕ್ಟರ್ ಪದವಿಯನ್ನಿತ್ತಿತು. ಕನ್ನಡವನ್ನು ಅಭ್ಯಸಿಸಿದುದಕ್ಕಾಗಿ ಯುರೋಪಿನ ವಿದ್ಯಾಪೀಠವೊಂದು ಇಂಥ ಗೌರವವನ್ನು ಸಲ್ಲಿಸಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯವು.

ಪತ್ನಿಯ ಅನಾರೋಗ್ಯದ ದೆಸೆಯಿಂದ 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮರಳಿದರೂ ಕನ್ನಡವನ್ನು ಬಿಡಲಿಲ್ಲ. ದಾಸರ ಹಾಡುಗಳನ್ನೂ ಜೈಮಿನಿಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪ್ರಾಚ್ಯಪರಿಷತ್ತಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಕನ್ನಡನಾಡಿನ ಜನರಿಗೆ ಕ್ರಿಸ್ತನ ವಿಷಯವನ್ನು ಹೇಳಲು ಹೊರಟವರು ಬಾಳಿನ ಇಳಿಹೊತ್ತಿನಲ್ಲಿ ಕ್ರೈಸ್ತರ ನಾಡಿಗೆ ಪುರಂದರದಾಸರ ವಿಷಯವನ್ನು ಹೇಳುತ್ತ ಕುಳಿತರು. 1881ನೆಯ ಮೇ 10ರಂದು ಎಸ್ಲಿಂಗೆನ್ ಎಂಬ ಊರಿನಲ್ಲಿ ತಮ್ಮ ಎಪ್ಪತ್ತನೆಯ ವಯಸ್ಸು ತುಂಬುವುದಕ್ಕೆ ಕೆಲವೇ ದಿನಗಳಿರುವಾಗ ಅವರು ದೇಹವನ್ನು ಬಿಟ್ಟರು.

ಈ ಜೀವಿತದಿಂದ ನಮ್ಮ ಪಾಠಶಾಲೆಗಳು ಕಲಿಯತಕ್ಕದ್ದು

ಇನ್ನು ಪ್ರಕೃತಕ್ಕೆ ಬರೋಣ. ಮೋಗ್ಲಿಂಗರ ಶಾಲೆಯಲ್ಲಿ ಶಾಲೆ ನಡೆಯಿಸುವವರು ಕೆಲವರು, ಸುತ್ತಲಿನ ಬಹುಜನರು ಬೇರೆ ಮತದವರು. ನಮ್ಮ ಈ ಸೀಮೆಯಲ್ಲಿಯಾದರೋ ಮಠವೂ ದೊಡ್ಡದು, ಲಿಂಗವಂತರ ಸಂಖ್ಯೆಯೂ ದೊಡ್ಡದು. ನಮ್ಮ ಶಾಲೆಗಳಿಗೆ ಬರುವ ಜೈನರ, ಮುಸಲ್ಮಾನರ, ಕ್ರೈಸ್ತರ ಮಕ್ಕಳು ಕೆಲವರೇ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳಿಂದ ಬರುವ ಮಕ್ಕಳು ಅನೇಕರು. ಇವರ ಮುಂದೆ ಇವರ ಮನೆಯ ದೇವರ ವಿಷಯವಾಗಿ ನಮ್ಮ ಶಿಕ್ಷಕರು ಏನು ಹೇಳುವರು, ಹೇಗೆ ಹೇಳುವರು ಎಂಬುದನ್ನು ಮಠದವರು ಎಂದಾದರೂ ವಿಚಾರಿಸಿರುವೆವೋ? ಅಂದು ಮಂಗಳೂರಿನ ತಾಯಿತಂದೆಗಳಿಗೆ ಆದ ಸಂಕಟವು ಇಂದು ನಮ್ಮ ಅಂಗಳದಲ್ಲಿ ಬೇರೊಬ್ಬ ತಾಯಿಗೆ ಆಗಬಾರದಷ್ಟೆ.

ಜೈನರ ಮಾತನ್ನೇ ತೆಗೆದುಕೊಳ್ಳೋಣ. ಸವದತ್ತಿಯು ರಟ್ಟರ ರಾಜಧಾನಿಯಾಗಿತ್ತು. ಅಲ್ಲಿ ರಟ್ಟ ಶಾಂತಿವರ್ಮನು ಜಿನಾಲಯಕ್ಕೆ ಭೂಮಿಯನ್ನು ಬಿಟ್ಟುದನ್ನು 980ರ ಶಾಸನವು ತಿಳಿಸುವುದು. ಬಸವಣ್ಣನವರ ಕಾಲಕ್ಕಿಂತ ಮುಂಚೆಯೇ ಈ ಮಣ್ಣಿನಲ್ಲಿ ಆ ಧರ್ಮವು ಬೇರೂರಿದ್ದಿತು. ಆದರೆ ನಮ್ಮ ಪುರಾಣಗಳನ್ನಷ್ಟೇ ಓದಿ ಬೆಳೆದ ಹುಡುಗನು ಜೈನರನ್ನು ಅರಿಯುವುದು ಏಕಾಂತದ ರಾಮಯ್ಯನ ಪ್ರಸಂಗದಲ್ಲಿ ಸೋತ ವಾದಿಗಳೆಂಬ ರೂಪದಲ್ಲಿ. ಜೈನಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆಯನ್ನು ಓದಿದವನಿಗೆ ಕಲ್ಯಾಣದ ಅದೇ ಸಂಗತಿಯು ಬೇರೊಂದು ಬಗೆಯಾಗಿ ತೋರುವುದು. ವಾದದ ಬಿಸಿಯಲ್ಲಿ ಹುಟ್ಟಿದ ಮಾತುಗಳು ಎರಡು ಕಡೆಗೂ ಇವೆ. ನಮ್ಮ ಪುರಾಣವನ್ನು ನಾವು ಭಕ್ತಿಯಿಂದ ಓದೋಣ. ಅದರಲ್ಲಿ ಕುಂದೇನೂ ಇಲ್ಲ. ಜೈನಧರ್ಮವೆಂದರೇನೆಂದು ಹುಡುಗನು ಕೇಳಿದಾಗ ಮಾತ್ರ ಅವನ ಕೈಗೆ ಪಂಪನ ಆದಿಪುರಾಣವನ್ನು ಕೊಡತಕ್ಕದ್ದು. ನಮ್ಮನ್ನು ಖಂಡನೆಯ ಚೀಟಿಗಳಿಂದ ತಿಳಿದುಕೊಳ್ಳಬಾರದೆಂದು ಪಾದ್ರಿಗಳನ್ನು ಕೇಳುವ ನಾವು, ಜೈನರನ್ನು ನಮ್ಮ ಖಂಡನೆಯಿಂದ ತಿಳಿಯಬಹುದೆಂದರೆ ಅದು ನ್ಯಾಯವಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಭಕ್ತರು ನೆನೆಯಬೇಕು. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಹುಡುಕಿ ಕೂಡಿಸಿದ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಅಚ್ಚಾದುದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಯಾರ ಮುದ್ರಣಾಲಯವದೆಂಬುದನ್ನು ಹೆಸರೇ ಹೇಳುವುದು. ಬಸವಪುರಾಣವನ್ನು ಅಚ್ಚಿಗೆ ತಂದವರು ಕ್ರೈಸ್ತರು. ವಚನಗಳು ಅಚ್ಚಾದುದು ಜೈನತೀರ್ಥಂಕರರ ಹೆಸರಿನ ಕಾರ್ಯಾಲಯದಲ್ಲಿ. ಈ ಎರಡು ಋಣಗಳನ್ನು ಲಿಂಗವಂತ ಸಮಾಜವು ಹೊತ್ತುಕೊಂಡಿದೆ. ಹಣದಿಂದ ಇವು ತೀರತಕ್ಕವಲ್ಲ. ನಮ್ಮ ಶಾಲೆಗಳಲ್ಲಿ ಅವರ ಧರ್ಮಗಳ ವಿಷಯವನ್ನು ಯಥಾರ್ಥವಾಗಿ ಹೇಳುವುದೇ ತೀರಿಸುವ ದಾರಿ.

ಗ್ರಾಮದೇವತೆಗಳ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಇಷ್ಟಲಿಂಗನಿಷ್ಠೆಯನ್ನು ಬೋಧಿಸುವ ಮಠವು ಕ್ಷುದ್ರದೈವಗಳ ಆರಾಧನೆಯನ್ನು ಒಪ್ಪಲಾರದು, ಶರಣರೂ ಒಪ್ಪಲಿಲ್ಲ. ಆ ತತ್ತ್ವವನ್ನು ಮರೆಯಿಸಬೇಕಾಗಿಲ್ಲ. ಆದರೆ ಭಾರತಹುಣ್ಣಿಮೆಯಂದು ತಲೆಯ ಮೇಲೆ ಪಡ್ಡಲಗೆಯನ್ನು ಹೊತ್ತು ಎಲ್ಲಮ್ಮನ ಗುಡ್ಡವನ್ನು ಹತ್ತುವ ತಾಯಿಯ ಮಗನು ನಮ್ಮ ಎದುರಿಗೆ ಕುಳಿತಿರುವಾಗ ಆಕೆಯ ಭಕ್ತಿಯನ್ನು ನಗೆಗೀಡುಮಾಡುವ ಶಿಕ್ಷಕನು ತತ್ತ್ವವನ್ನು ಕಲಿಸಿದವನಾಗನು. ತಾಯಿಯನ್ನು ಕಂಡು ನಾಚುವುದನ್ನು ಮಾತ್ರ ಕಲಿಸಿದವನಾದಾನು. ಆ ಗ್ರಂಥವಿಲ್ಲದ ಜನರಿಗೆ ಅವರ ಹಾಡೇ ಗ್ರಂಥವು. ಅದನ್ನು ಹಾಡುವವರ ಬಾಯಿಂದ ಕೇಳಿ, ಅದರಲ್ಲಿ ಅವರು ಏನನ್ನು ಬೇಡುವರು, ಯಾವುದಕ್ಕೆ ಅಂಜುವರು ಎಂಬುದನ್ನು ತಿಳಿದು, ಆಮೇಲೆ ನಮ್ಮ ಮಾರ್ಗವು ಎಲ್ಲಿ ಬೇರೆಯಾಗುವುದೆಂಬುದನ್ನು ಶಾಂತವಾಗಿ ಹೇಳಬಹುದು.

ರಾಜ್ಯದ ಕಟ್ಟಳೆಯೂ ಈ ವಿವೇಕಕ್ಕೆ ಅನುಕೂಲವಾಗಿದೆ. 1950ರಿಂದ ಜಾರಿಯಲ್ಲಿರುವ ಭಾರತ ಸಂವಿಧಾನದ 28ನೆಯ ವಿಧಿಯ ಮೇರೆಗೆ, ಸರಕಾರದ ಮಾನ್ಯತೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆಯುವ ಸಂಸ್ಥೆಯಲ್ಲಿ ವಿದ್ಯಾರ್ಥಿಯನ್ನು ಅವನ ಒಪ್ಪಿಗೆಯಿಲ್ಲದೆ, ಅವನು ಚಿಕ್ಕವನಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗೆ ಕೂಡ್ರಿಸತಕ್ಕದ್ದಲ್ಲ. ಮಂಗಳೂರಿನ ಆ ತಾಯಿತಂದೆಗಳಿಗೆ ಇಂಥ ರಕ್ಷಣೆಯಿರಲಿಲ್ಲ. ನಮ್ಮಲ್ಲಿ ಓದುವ ಅನ್ಯಮತದ ಮಕ್ಕಳಿಗೆ ಇಂದು ಅದು ಇದೆ. ಕಟ್ಟಳೆಯು ಒತ್ತಾಯವನ್ನು ತಡೆಯಬಲ್ಲುದು. ಗೌರವವನ್ನು ಕಲಿಸುವ ಹೊಣೆಯು ಗುರುವಿನದೇ.

ಮೋಗ್ಲಿಂಗರು ಅರ್ಧ ದಾರಿಯನ್ನು ನಡೆದರು. ಅನ್ಯರ ಗ್ರಂಥವನ್ನು ಅನ್ಯರ ಮಾತಿನಲ್ಲಿಯೇ ಕಾಪಾಡಿ ಕೊಟ್ಟರು. ಅದನ್ನು ನಂಬಿದವರನ್ನು ಮಾತ್ರ ಪಾಠದ ಪೀಠಕ್ಕೆ ಕರೆಯಲಿಲ್ಲ. ಉಳಿದ ಅರ್ಧವನ್ನು ನಡೆಯುವುದು ನಮ್ಮ ಮಠಗಳಿಗೆ ಸಾಧ್ಯ. ವರುಷಕ್ಕೆ ಕೆಲವು ದಿನಗಳಾದರೂ ನಮ್ಮ ಪ್ರಸಾದನಿಲಯಗಳಲ್ಲಿ ಜೈನಪಂಡಿತರು ಮಹಾವೀರನನ್ನು ಕುರಿತೂ, ಮೌಲವಿಗಳು ಕುರಾನನ್ನು ಕುರಿತೂ, ಪಾದ್ರಿಗಳು ಕ್ರಿಸ್ತನನ್ನು ಕುರಿತೂ ತಾವೇ ಬಂದು ಹೇಳಲಿ. ನಮ್ಮ ವಟುಗಳು ಕುಳಿತು ಕೇಳಲಿ, ಸಂಶಯವಿದ್ದರೆ ವಿನಯದಿಂದ ಕೇಳಿ ತಿಳಿಯಲಿ. ಅಂಗೈಯಲ್ಲಿರುವ ಲಿಂಗದಲ್ಲಿ ನಿಷ್ಠೆ ಗಟ್ಟಿಯಾಗಿರುವವನಿಗೆ ಇದರಿಂದ ಹಾನಿಯಿಲ್ಲ. ಗಟ್ಟಿಯಾಗಿಲ್ಲದವನಿಗೆ ಇತರರನ್ನು ಜರೆಯುವುದರಿಂದ ಅದು ಬರುವಂತೆಯೂ ಇಲ್ಲ. ಮಹೋತ್ಸವದ ಈ ಶುಭಸಮಯದಲ್ಲಿ ಶ್ರೀಗುರುವು ಇಂಥದೊಂದು ಸಂಕಲ್ಪವನ್ನು ನಮ್ಮೆಲ್ಲರಲ್ಲಿ ಹುಟ್ಟಿಸಿ ನೆರವೇರಿಸಲೆಂದು ಪ್ರಾರ್ಥಿಸುವೆನು.